ಒಂದೇ ತಾಯಿಯ ಐದು ಬಣ್ಣ

ಪೊಲೀಸರು ಹೆಚ್ಚೋ, ಮಂತ್ರವಾದಿಗಳು ಹೆಚ್ಚೋ? 2000ದ ದಶಕದ ಕೊನೆಯ ವರ್ಷಗಳಲ್ಲಿ ಭದ್ರಾವತಿಯ ನ್ಯೂಟೌನಿನ ಕ್ವಾರ್ಟರ್ಸ್ ಸಾಲಿನಲ್ಲಿ ಬೆಳೆಯುತ್ತಿದ್ದ ನಮಗೆ ಇದಕ್ಕಿಂತ ತುರ್ತಿನ ಪ್ರಶ್ನೆ ಮತ್ತೊಂದಿರಲಿಲ್ಲ. ಪೊಲೀಸರೆಂದರೆ 'ಪವರ್ ರೇಂಜರ್ಸ್ ಎಸ್‌ಪಿಡಿ'. ಮಂತ್ರವಾದಿಗಳೆಂದರೆ 'ಪವರ್ ರೇಂಜರ್ಸ್ ಮಿಸ್ಟಿಕ್ ಫೋರ್ಸ್'. ಎರಡರಲ್ಲೂ ಐದು ಜನ, ಐದು ಬಣ್ಣ, ಕೊನೆಗೊಂದು ದೈತ್ಯಾಕಾರದ ಕಾಳಗ. ಆದರೂ ಒಂದಕ್ಕಾಗಿ ಪ್ರಾಣ ಕೊಡುತ್ತಿದ್ದೆವು, ಇನ್ನೊಂದನ್ನು ಬೇರೇನೂ ಇಲ್ಲದಾಗ ನೋಡುತ್ತಿದ್ದೆವು. ಪ್ರಾಣ ಕೊಡುತ್ತಿದ್ದುದು ಪೊಲೀಸರಿಗೆ.

ಟೂನ್ ಡಿಸ್ನಿ ವಾಹಿನಿ ಭಾರತಕ್ಕೆ ಬಂದದ್ದು 2004ರ ಡಿಸೆಂಬರಿನಲ್ಲಿ. ಅದರೊಳಗೆ 'ಜೆಟಿಕ್ಸ್' ಎಂಬ ಹೆಸರಿನ ಹೊತ್ತಿನಲ್ಲಿ ಈ ರೇಂಜರ್‌ಗಳು ಬರುತ್ತಿದ್ದರು. ಮಾತು ಹಿಂದಿ, ತಮಿಳು, ತೆಲುಗಿನಲ್ಲಿ. ನಮ್ಮ ಮನೆಯಲ್ಲಿ ಹಿಂದಿ ಯಾರಿಗೂ ಬರುತ್ತಿರಲಿಲ್ಲ, ರೇಂಜರ್‌ಗಳಿಂದಲೇ ಕಲಿತೆವು. ಪಕ್ಕದ ಮನೆಯವರದು ತಮಿಳು. 1923ರಲ್ಲಿ ಇಲ್ಲಿ ಕಬ್ಬಿಣ ಕರಗಿಸಲು ಶುರುವಾದಾಗಿನಿಂದ ಕೆಲಸ ಹುಡುಕಿ ತಮಿಳು, ತೆಲುಗು, ಮಲೆಯಾಳ ಸೀಮೆಗಳಿಂದ ಬಂದ ಕುಟುಂಬಗಳು ಭದ್ರಾವತಿಯಲ್ಲಿ ನೆಲೆ ನಿಂತಿವೆ. ಹಾಗಾಗಿ ಅದೇ ಕೆಂಪು ರೇಂಜರ್ ನಮ್ಮ ಮನೆಯಲ್ಲಿ ಹಿಂದಿ ಮಾತಾಡುತ್ತಿದ್ದ, ಗೋಡೆಯಾಚೆ ತಮಿಳು ಮಾತಾಡುತ್ತಿದ್ದ. ಕರೆಂಟು ಹೋದರೆ ಎರಡೂ ಮನೆಯ ಮಕ್ಕಳು ಹೊರಗೆ ಬಂದು, ಉಳಿದ ಕಥೆಯನ್ನು ಕನ್ನಡದಲ್ಲಿ ಮುಗಿಸುತ್ತಿದ್ದೆವು. ರಾಜ್ಯಕ್ಕೆ ಬೆಳಕು ಕೊಡುವ ಶರಾವತಿ ಇರುವುದು ನಮ್ಮದೇ ಜಿಲ್ಲೆಯಲ್ಲಿ. ಆದರೂ ಕಾಳಗದ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತಿತ್ತು. ಆ ಕತ್ತಲಲ್ಲಿ ನಾವು ಕಟ್ಟಿದ ಎಷ್ಟೋ ಕೊನೆಗಳು ಟೀವಿಯ ಕೊನೆಗಿಂತ ಚೆನ್ನಾಗಿದ್ದವು ಎಂದು ಈಗಲೂ ನಂಬಿದ್ದೇನೆ.

ಎಸ್‌ಪಿಡಿಯ ಮೇಲೆ ಯಾಕಷ್ಟು ಮೋಹ? ಮೊದಲನೆಯದು ಬೈಕು. ಎರಡನೆಯದು ಅವರ ಸಾಹೇಬ ಕ್ರೂಗರ್. ನಾಯಿಯ ಮುಖ, ಸೇನಾಧಿಕಾರಿಯ ನಿಲುವು, ಮನೆಮಂದಿಯನ್ನು ಕಳೆದುಕೊಂಡವನ ಗಾಂಭೀರ್ಯ. ಬಹಳ ದಿನ ಮೇಜಿನ ಹಿಂದೆಯೇ ನಿಂತು ಆಜ್ಞೆ ಕೊಡುತ್ತಿದ್ದವನು ಒಂದು ದಿನ ತಾನೇ ಕತ್ತಿ ಹಿರಿದು, ಸುತ್ತುವರಿದ ನೂರು ಯಂತ್ರಸೈನಿಕರನ್ನು ಒಬ್ಬನೇ ಉರುಳಿಸಿದ. ಆ ಕಂತು ಬಂದ ಮರುದಿನ ಕ್ವಾರ್ಟರ್ಸಿನ ಬೇಲಿಯಲ್ಲಿ ಕತ್ತಿಯಾಗದೆ ಉಳಿದ ಗಳವೇ ಇರಲಿಲ್ಲ. ಮೂರನೆಯದು, ಅವರ ಠಾಣೆಯ ಕಟ್ಟಡವೇ ಎದ್ದು ನಿಂತು ಯಂತ್ರಮಾನವನಾಗುತ್ತಿತ್ತು. ಊದುಕುಲುಮೆ, ಕ್ರೇನು, ಚಿಮಣಿಗಳ ನೆರಳಿನಲ್ಲಿ ಬೆಳೆದ ಮಕ್ಕಳಿಗೆ ಅದು ನಂಬಲಾಗದ ಸಂಗತಿಯಲ್ಲ. ರಾತ್ರಿ ಆಕಾಶ ಕೆಂಪಾದಾಗ ನಮ್ಮ ಕಾರ್ಖಾನೆಯೂ ಒಂದು ದಿನ ಎದ್ದು ನಿಲ್ಲಬಹುದು ಎಂದು ನಾವು ನಿಜಕ್ಕೂ ಅಂದುಕೊಂಡಿದ್ದೆವು. ಇನ್ನು ಹಸಿರು ರೇಂಜರ್ ಬ್ರಿಜ್. ಬೆಣ್ಣೆ ಸವರಿದ ಬ್ರೆಡ್ಡಿನ ಗುಣಗಾನ ಮಾಡುತ್ತ ಬೆರಳಾಡಿಸುತ್ತಿದ್ದ ಅವನಿಂದಾಗಿ ಅಯ್ಯಂಗಾರ್ ಬೇಕರಿಯ ಬೆಣ್ಣೆ ಬನ್ನು ಕೊಂಡು ನಾವೂ ಹಾಗೇ ಬೆರಳಾಡಿಸಿ ತಿನ್ನುತ್ತಿದ್ದೆವು.

ಮಿಸ್ಟಿಕ್ ಫೋರ್ಸಿನಲ್ಲಿ ಇವು ಯಾವುವೂ ಇರಲಿಲ್ಲ. ಬೈಕಿನ ಬದಲು ಹಾರುವ ಪೊರಕೆ, ಬಂದೂಕಿನ ಬದಲು ಮಂತ್ರದಂಡ, ಹೆಗಲಿಗೆ ನಿಲುವಂಗಿ. ಯಂತ್ರಮಾನವ ಕೂಡ ಇಲ್ಲ. ಆ ಐವರೇ ದೈತ್ಯರಾಗಿ ಬೆಳೆದು ಹೊಡೆದಾಡುತ್ತಿದ್ದರು. ಯಂತ್ರವೇ ಇಲ್ಲದ್ದು ಎಂಥ ರೇಂಜರ್ ಎಂಬುದು ನಮ್ಮ ವಾದ. ಪಕ್ಕದ ತಮಿಳು ಮನೆಯ ಗೆಳೆಯನೊಬ್ಬನೇ ಮಂತ್ರವಾದಿಗಳ ಪರ. ಅವರು ಮೊಬೈಲಿನಿಂದ ರೂಪ ಬದಲಿಸುತ್ತಿದ್ದರಲ್ಲ, ಅವನ ಅಪ್ಪ ಆಗಷ್ಟೇ ನೋಕಿಯಾ 1100 ಕೊಂಡಿದ್ದರು. ಅದನ್ನು ಕದ್ದು ತಂದು, ಅಂಕಿ ಒತ್ತಿ, ಮೇಲಕ್ಕೆತ್ತಿ ಕೂಗುತ್ತಿದ್ದ. ಆಟದಲ್ಲಿ ಅವನಿಗೆ ಯಾವಾಗಲೂ ಖಳನ ಪಾತ್ರವೇ ಸಿಗುತ್ತಿತ್ತು, ಒಂದು ಮಾತೂ ಆಡದೆ ಒಪ್ಪಿಕೊಳ್ಳುತ್ತಿದ್ದ.

ಅಜ್ಜಿ ನಮ್ಮೊಂದಿಗೆ ಟೀವಿ ಮುಂದೆ ಕೂರುತ್ತಿದ್ದಳು. ತೀರ್ಥಹಳ್ಳಿ ಕಡೆಯ ತೋಟದ ಮನೆಯಲ್ಲಿ ಹುಟ್ಟಿ, ಹತ್ತಾರು ಮಂದಿಗೆ ಬಡಿಸಿ ಗೊತ್ತಿದ್ದವಳು. ಬೈಕು, ಬಂದೂಕು, ದೈತ್ಯ ಯಾವುದೂ ಅವಳನ್ನು ಬೆರಗಾಗಿಸುತ್ತಿರಲಿಲ್ಲ. ಮಂತ್ರವಾದಿಗಳು ಬಂದಾಗ ಮಾತ್ರ ಒಂದು ಮಾತು ಕೇಳುತ್ತಿದ್ದಳು: "ಇವೆಲ್ಲ ಯಾರ ಮನೆ ಮಕ್ಕಳಾ?" ಯಾರದೂ ಅಲ್ಲ ಅಜ್ಜಿ, ಸುಮ್ಮನೆ ಗೆಳೆಯರು, ಒಂದೇ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ ಎನ್ನುತ್ತಿದ್ದೆವು. "ಅಪ್ಪ ಅಮ್ಮ ಇಲ್ಲದಂಗೆ ಕಥೆ ಮಾಡಿದಾರಲ್ಲ" ಎಂದು ಅವಳು ಬತ್ತಿ ಹೊಸೆಯಲು ಕೂರುತ್ತಿದ್ದಳು.

ಈ ಕಥೆಗಳು ಜಪಾನಿನವು ಎಂಬುದು ನಮಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. 1975ರ ಏಪ್ರಿಲಿನಲ್ಲಿ ಶೊಟಾರೊ ಇಶಿನೊಮೊರಿ ಎಂಬ ಕಾಮಿಕ್ಸ್ ಕಲಾವಿದನ ಕಲ್ಪನೆಯಲ್ಲಿ 'ಗೊರೇಂಜರ್' ಹುಟ್ಟಿತು, ಐದು ಬಣ್ಣದ ಐವರು ವೀರರ ಮೊದಲ ತಂಡ. 1979ರ 'ಬ್ಯಾಟಲ್ ಫೀವರ್ ಜೆ' ಅದಕ್ಕೆ ದೈತ್ಯ ಯಂತ್ರಮಾನವನನ್ನು ಸೇರಿಸಿತು. ಆಮೇಲೆ ತೋಯೆ ಸಂಸ್ಥೆ ವರ್ಷಕ್ಕೊಂದರಂತೆ ಹೊಸ ತಂಡ ಕಟ್ಟುತ್ತ ಹೋಯಿತು. 1993ರಲ್ಲಿ ಹೈಮ್ ಸಬಾನ್ ಎಂಬ ನಿರ್ಮಾಪಕ, ಹಿಂದಿನ ವರ್ಷದ 'ಜ್ಯೂರೇಂಜರ್' ಸರಣಿಯ ಮುಸುಕಿನ ಕಾಳಗಗಳನ್ನು ಹಾಗೇ ಇಟ್ಟುಕೊಂಡು, ಮುಖ ಕಾಣುವ ಭಾಗಗಳನ್ನು ಅಮೆರಿಕದ ನಟರಿಂದ ಹೊಸದಾಗಿ ಮಾಡಿಸಿದ. ಅದೇ ಪವರ್ ರೇಂಜರ್ಸ್. ನಾವು ನೋಡಿದ ಕಾಲಕ್ಕೆ ಅದು ಡಿಸ್ನಿಯ ಕೈಸೇರಿತ್ತು, ಚಿತ್ರೀಕರಣ ನ್ಯೂಜಿಲೆಂಡಿನಲ್ಲಿ ನಡೆಯುತ್ತಿತ್ತು. ಎಸ್‌ಪಿಡಿಯ ಮೂಲ 2004ರ 'ಡೆಕಾರೇಂಜರ್'. ಮಿಸ್ಟಿಕ್ ಫೋರ್ಸಿನ ಮೂಲ 2005ರ 'ಮ್ಯಾಜಿರೇಂಜರ್'. ಅಂದರೆ ನಮ್ಮ ಪೊಲೀಸರೂ ಮಂತ್ರವಾದಿಗಳೂ ಜಪಾನಿನಲ್ಲಿ ಒಂದರ ಬೆನ್ನಿಗೊಂದು ಬಂದ ಅಕ್ಕಪಕ್ಕದ ವರ್ಷಗಳವರು.

ಈ ಮೂಲಗಳ ಎದುರು ನಾವು ಕುಳಿತದ್ದು ಶಿವಮೊಗ್ಗದಲ್ಲಿ. ಭದ್ರಾವತಿಯ ನಾಲ್ಕೈದು ಹುಡುಗರು ಓದಿನ ನೆಪದಲ್ಲಿ ಮತ್ತೆ ಒಂದೇ ಊರಿಗೆ ಸೇರಿದ್ದೆವು. ಇಬ್ಬರು ಎಂಜಿನಿಯರಿಂಗ್, ಒಬ್ಬ ಸಹ್ಯಾದ್ರಿ ಕಾಲೇಜು, ಒಬ್ಬ ಕಾನೂನು. ವಿನೋಬನಗರದಲ್ಲಿ ಒಂದು ಕೋಣೆ. ಭದ್ರಾವತಿ ಇಪ್ಪತ್ತು ಕಿಲೋಮೀಟರೂ ದೂರವಿಲ್ಲ, ಆದರೂ ಕೋಣೆ ಬೇಕೇ ಬೇಕೆಂದು ಹಟ ಹಿಡಿದು ಪಡೆದದ್ದು. ಸಂಜೆ ಗಾಂಧಿ ಬಜಾರಿನಲ್ಲಿ ಸುತ್ತಿ, ಖಾರ ಮಂಡಕ್ಕಿ ಕಟ್ಟಿಸಿಕೊಂಡು ಬಂದರೆ ರಾತ್ರಿ ನಮ್ಮದು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು, ಪುಕ್ಕಟೆ ಇಂಟರ್ನೆಟ್ ಸಿಕ್ಕಿತು. ಬೇರೆಯವರು ಸಿನಿಮಾ ಹುಡುಕಿದರು, ನಾವು ಬಾಲ್ಯ ಹುಡುಕಿದೆವು. ಜಪಾನಿ ಮಾತು, ಕೆಳಗೆ ಇಂಗ್ಲಿಷ್ ಸಾಲು. ಒಬ್ಬ ಓದಿ ಕನ್ನಡದಲ್ಲಿ ಹೇಳುತ್ತಿದ್ದ, ಉಳಿದವರು ನೋಡುತ್ತಿದ್ದರು.

ಸಹಜವಾಗಿಯೇ ಮೊದಲು ಹಾಕಿದ್ದು ಡೆಕಾರೇಂಜರ್. ಹಬ್ಬವಾಯಿತು. ಆ ನಾಯಿಮುಖದ ಸಾಹೇಬ ಅಲ್ಲಿಯೂ ಇದ್ದ, ಇನ್ನೂ ಗತ್ತಿನಿಂದ. ಕಥೆಗಳು ನಿಜವಾದ ಪತ್ತೇದಾರಿ ಕಥೆಗಳು: ಸುಳಿವು, ಅನುಮಾನ, ವಿಚಾರಣೆ. ಯೋಚಿಸಬೇಕಾದಾಗಲೆಲ್ಲ ತಲೆಕೆಳಗಾಗಿ ನಿಲ್ಲುವ ಹಸಿರು ಅಂಗಿಯ ಸೆನ್, ಮುಟ್ಟಿದ್ದರ ಹಿಂದಿನದನ್ನು ಗ್ರಹಿಸಬಲ್ಲ ಜಾಸ್ಮಿನ್, ಶಿಸ್ತಿನ ಹೋಜಿ, ಹುಂಬ ಬಾನ್. ಐವತ್ತು ಕಂತುಗಳೂ ಒಳ್ಳೆಯ ಕೈಯಲ್ಲಿ ಬರೆದವು. ನಮ್ಮ ಬಾಲ್ಯದ ತೀರ್ಪಿಗೆ ಮುದ್ರೆ ಬಿತ್ತೆಂದು ಬೀಗುತ್ತಿದ್ದೆವು. ಒಂದು ರಾತ್ರಿ ಕಾನೂನು ಓದುತ್ತಿದ್ದವನು ಸುಮ್ಮನೆ ಕೇಳಿದ, "ಆರೋಪಿ ಪರ ವಕೀಲ ಎಲ್ಲಿ?"

ಡೆಕಾರೇಂಜರಿನಲ್ಲಿ ಅಪರಾಧಿಯನ್ನು ಸುತ್ತುವರಿದ ಪೊಲೀಸನು ತನ್ನ ಪರವಾನಗಿ ಸಾಧನವನ್ನು ಎದುರು ಹಿಡಿಯುತ್ತಾನೆ. ಬಾಹ್ಯಾಕಾಶದ ಸರ್ವೋಚ್ಚ ನ್ಯಾಯಾಲಯದಿಂದ ಒಂದು ನಿಮಿಷದಲ್ಲಿ ತೀರ್ಪು ಬರುತ್ತದೆ. ನೀಲಿ ವೃತ್ತ ಬಂದರೆ ನಿರಪರಾಧಿ, ಕೆಂಪು ಕತ್ತರಿ ಗುರುತು ಬಂದರೆ ಅಲ್ಲಿಯೇ, ಆ ಕ್ಷಣವೇ ಮರಣದಂಡನೆ. ಹತ್ತು ವರ್ಷದವರಾಗಿ ನೋಡಿದ್ದರೆ ಚಪ್ಪಾಳೆ ಹೊಡೆಯುತ್ತಿದ್ದೆವು. ಇಪ್ಪತ್ತರಲ್ಲಿ ಆ ಪ್ರಶ್ನೆ ಕೋಣೆಯಲ್ಲಿ ಉಳಿದುಬಿಟ್ಟಿತು. ಹಿಡಿಯುವವನೂ ಕೊಲ್ಲುವವನೂ ಒಬ್ಬನೇ, ನಡುವೆ ಒಂದು ನಿಮಿಷ. 2019ರ ಡಿಸೆಂಬರಿನಲ್ಲಿ ಹೈದರಾಬಾದಿನ ಹತ್ತಿರ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಸತ್ತು, ಜನ ಆ ಪೊಲೀಸರ ಮೇಲೆ ಹೂ ಎರಚಿದ ದಿನ, ಚದುರಿಹೋಗಿದ್ದ ನಾವೆಲ್ಲ ಒಬ್ಬರಿಗೊಬ್ಬರು ಫೋನು ಮಾಡಿಕೊಂಡೆವು. ಎಲ್ಲರ ಬಾಯಲ್ಲೂ ಬಂದದ್ದು ಆ ಕೆಂಪು ಗುರುತೇ. ಅಮೆರಿಕದ ಎಸ್‌ಪಿಡಿಯಲ್ಲಿ ಹೀಗಿಲ್ಲ. ಅಲ್ಲಿ ಅಪರಾಧಿಯನ್ನು ಒಂದು ಕಾರ್ಡಿನೊಳಗೆ ಸೆರೆಹಿಡಿಯುತ್ತಾರೆ, ಕೊಲ್ಲುವುದಿಲ್ಲ. ಪುಟ್ಟ ಮಕ್ಕಳ ಕಾರ್ಯಕ್ರಮವೆಂದು ಮಾಡಿದ ಬದಲಾವಣೆಯೇ ಇರಬಹುದು, ಆದರೆ ಅದು ನ್ಯಾಯಕ್ಕೆ ಹೆಚ್ಚು ಹತ್ತಿರವಾದದ್ದು. ಡೆಕಾರೇಂಜರಿನ ಮೇಲಿನ ಪ್ರೀತಿ ಇದರಿಂದ ಹೋಗಲಿಲ್ಲ. ಅದು ಅಂಗೈಯಲ್ಲಿಟ್ಟು ಮೆರೆಸಿದ ಆ ಸಾಧನದ ಮೇಲಿನ ಪ್ರೀತಿ ಮಾತ್ರ ಹೋಯಿತು.

ಆಮೇಲೆ ಮ್ಯಾಜಿರೇಂಜರ್. ನೋಡಲು ಒತ್ತಾಯ ಮಾಡಿದವನು ಅದೇ ತಮಿಳು ಮನೆಯ ಗೆಳೆಯ.

ಮೊದಲ ಕಂತಿನಲ್ಲಿಯೇ ನಾವು ಎದ್ದು ಕುಳಿತೆವು. ಆ ಐವರೂ ಒಂದೇ ಮನೆಯ ಮಕ್ಕಳು. ಒಜು ಎಂಬ ಮನೆತನ, ಒಬ್ಬಳು ತಾಯಿ, ಹದಿನೈದು ವರ್ಷದ ಹಿಂದೆ ಕಾಣೆಯಾದ ತಂದೆ. ಹಿರಿಯ ಅಣ್ಣ ಮಕಿತೊ ತರಕಾರಿ ಬೆಳೆಯುವ ರೈತ. ಅವನ ಕೆಳಗೆ ಅಕ್ಕ ಹೋಕಾ, ಮೂರನೆಯವಳು ಉರಾರಾ, ನಾಲ್ಕನೆಯವನು ಬಾಕ್ಸಿಂಗ್ ಕಲಿತ ತ್ಸುಬಾಸಾ, ಎಲ್ಲರಿಗಿಂತ ಕಿರಿಯ ಕಾಯ್, ಇನ್ನೂ ಶಾಲೆಗೆ ಹೋಗಿ ಕಾಲ್ಚೆಂಡು ಆಡುವವ. ತಾವು ಮಂತ್ರ ಬಲ್ಲ ಮನೆತನದವರೆಂದು ಮಕ್ಕಳಿಗೆ ಗೊತ್ತಾಗುವ ದಿನವೇ ಅವರ ಕಣ್ಣೆದುರು ತಾಯಿ ವುಲ್ಜಾರ್ಡ್ ಎಂಬ ನೇರಳೆ ಕವಚದ ಯೋಧನ ಕೈಯಲ್ಲಿ ಬೀಳುತ್ತಾಳೆ. ಅಲ್ಲಿಂದ ಮುಂದೆ ಇಡೀ ಕಥೆ ತಾಯಿಯಿಲ್ಲದ ಒಂದು ಮನೆ ಹೇಗೆ ನಡೆಯುತ್ತದೆ ಎಂಬುದರದ್ದು. ಅಡುಗೆ ಯಾರು ಮಾಡಬೇಕು, ಕಿರಿಯವನನ್ನು ಯಾರು ಗದರಬೇಕು, ಗದರಿದವನು ರಾತ್ರಿ ಒಬ್ಬನೇ ಕುಳಿತು ಏನು ಮಾಡುತ್ತಾನೆ. ರಾಕ್ಷಸರು ಬರುತ್ತಾರೆ, ಹೋಗುತ್ತಾರೆ, ಊಟದ ಮೇಜು ಮಾತ್ರ ಪ್ರತಿ ವಾರವೂ ಇರುತ್ತದೆ.

ಇಲ್ಲಿ ಕೆಂಪು ಬಣ್ಣ ಕಿರಿಯವನದು. ಬೇರೆ ತಂಡಗಳಲ್ಲಿ ಸಾಮಾನ್ಯವಾಗಿ ಕೆಂಪೆಂದರೆ ನಾಯಕ, ಇಲ್ಲಿ ಕೆಂಪೆಂದರೆ ಮನೆಯ ಕೊನೆಯ ಮಗ. ನಾಯಕ ಹಸಿರಿನ ದೊಡ್ಡಣ್ಣ. ಪಾಂಡವರಲ್ಲಿ ಗದೆ ಬೀಸುವವನೊಬ್ಬ, ಬಾಣ ಬಿಡುವವನೊಬ್ಬ, ಆದರೆ ಮಾತು ನಡೆಯುವುದು ಧರ್ಮರಾಯನದು. ನಮಗೆ ಗೊತ್ತಿದ್ದ ಮನೆಗಳ ಕ್ರಮವೂ ಇದೇ. ಮಿಸ್ಟಿಕ್ ಫೋರ್ಸ್ ಇದನ್ನೆಲ್ಲ ಬಿಡಿಸಿಬಿಟ್ಟಿತ್ತು. ಅಲ್ಲಿ ಇಬ್ಬರು ಅವಳಿ ಸೋದರಿಯರು ಬಿಟ್ಟರೆ ಉಳಿದವರಿಗೆ ರಕ್ತಸಂಬಂಧವಿಲ್ಲ, ಕೆಂಪಿನವನೇ ಮತ್ತೆ ನಾಯಕ, ತಂದೆತಾಯಿಯ ಕಥೆಯೆಲ್ಲ ಅವನೊಬ್ಬನ ಪಾಲಿಗೆ. ಮೂಲದಲ್ಲಿ ಅರ್ಧಕ್ಕೂ ಹೆಚ್ಚು ದೂರ ಸಾಗಿದ ಮೇಲೆ, ತಾಯಿಯನ್ನು ಕೆಡವಿದ ಆ ನೇರಳೆ ಯೋಧನೇ ಈ ಮಕ್ಕಳ ತಂದೆ, ಶತ್ರುವಿನ ಮಾಯೆಗೆ ಸಿಕ್ಕು ತನ್ನನ್ನೇ ಮರೆತವನು ಎಂದು ಗೊತ್ತಾಗುತ್ತದೆ. ಆ ಆಘಾತ ಐವರಿಗೂ ಒಟ್ಟಿಗೆ ತಗಲುತ್ತದೆ, ಐದು ಬಗೆಯಲ್ಲಿ. ಅಮೆರಿಕದ ರೂಪದಲ್ಲಿ ಒಬ್ಬನಿಗೆ ತಗಲಿ ನಾಲ್ವರು ಸಮಾಧಾನ ಹೇಳುತ್ತಾರೆ. ನಾವು ಬಾಲ್ಯದಲ್ಲಿ ಮಂತ್ರವಾದಿಗಳನ್ನು ಒಲ್ಲೆ ಎಂದದ್ದು ಪೊರಕೆ, ನಿಲುವಂಗಿಗಳ ಕಾರಣಕ್ಕಲ್ಲವೇನೋ. ಕಥೆಯ ಉಸಿರನ್ನೇ ತೆಗೆದು ನಮ್ಮ ಮುಂದಿಟ್ಟಿದ್ದರು. ಅಜ್ಜಿಗೆ ಅದು ಮೊದಲ ನೋಟಕ್ಕೇ ಹೊಳೆದಿತ್ತು.

ಯಂತ್ರವಿಲ್ಲ ಎಂದು ದೂರುತ್ತಿದ್ದೆವಲ್ಲ, ಅದರ ಅರ್ಥವೂ ಇಲ್ಲಿ ಸಿಕ್ಕಿತು. ಅಣ್ಣ ತಮ್ಮ ಅಕ್ಕ ತಂಗಿಯರು ತಾವೇ ಬೆಳೆದು, ಒಬ್ಬರ ಮೈಗೊಬ್ಬರು ಸೇರಿ ಒಂದೇ ದೈತ್ಯ ದೇಹವಾಗುತ್ತಾರೆ. ಮನೆಯಲ್ಲಿ ಜಗಳವಾದ ದಿನ ಆ ದೇಹ ಕೂಡುವುದು ಸುಲಭವಿಲ್ಲ. ಹಾಗೆಯೇ ಹೊಸ ಮಂತ್ರಗಳನ್ನು ಯಾರೂ ಕಂಠಪಾಠ ಮಾಡಿ ಕಲಿಯುವುದಿಲ್ಲ. ಹೆದರಿಕೆಯನ್ನು ದಾಟಿದ ಗಳಿಗೆಯಲ್ಲಿ ಮಂತ್ರ ಫೋನಿಗೆ ಬರುತ್ತದೆ.

ಇದನ್ನು ನೋಡುತ್ತಿದ್ದ ಕಾಲ ನಮ್ಮ ಕೋಣೆಯಲ್ಲಿ ಒಬ್ಬನಿಗೆ ಒಳ್ಳೆಯದಾಗಿರಲಿಲ್ಲ. ಅವನು ಭದ್ರಾವತಿಯದೇ ಪೇಪರ್ ಟೌನಿನ ಹುಡುಗ. 1936ರಲ್ಲಿ ಶುರುವಾಗಿ, ನಾಡಿನ ಪತ್ರಿಕೆಗಳಿಗೆ ಕಾಗದ ಒದಗಿಸಿದ ಮೈಸೂರು ಕಾಗದ ಕಾರ್ಖಾನೆಯ ಯಂತ್ರಗಳು 2015ರ ಹೊತ್ತಿಗೆ ನಿಂತುಹೋಗಿದ್ದವು. ಅವನ ತಂದೆ ಅಲ್ಲಿ ದುಡಿದವರು. ತಾಯಿ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಮನೆ ನಡೆಸುತ್ತಿದ್ದವಳು ಅಕ್ಕ. ಬೆಳಿಗ್ಗೆ ಅಡುಗೆ ಮಾಡಿಟ್ಟು, ಬಸ್ಸು ಹತ್ತಿ ಶಿವಮೊಗ್ಗದ ಬಟ್ಟೆ ಅಂಗಡಿಯೊಂದಕ್ಕೆ ಬಂದು ದುಡಿದು, ರಾತ್ರಿ ವಾಪಸಾಗಿ ಮತ್ತೆ ಒಲೆ ಹಚ್ಚುತ್ತಿದ್ದಳು. ತಮ್ಮನ ಕೋಣೆ ಬಾಡಿಗೆಯ ಪಾಲು ಅವಳದೇ. ಕೆಲವು ಸಂಜೆ ಬಸ್ಸಿಗೆ ಮುಂಚೆ ನಮ್ಮ ಕೋಣೆಗೆ ಬಂದು ಚಿತ್ರಾನ್ನದ ಡಬ್ಬಿ ಇಟ್ಟುಹೋಗುತ್ತಿದ್ದಳು. ಒಂದು ಸಲ ನಿಂತೇ ಕಂತೊಂದನ್ನು ಪೂರ್ತಿ ನೋಡಿದಳು. ಉರಾರಾ ಬೇರೆಯವರಿಗೆಲ್ಲ ಬಡಿಸುತ್ತಿದ್ದ ದೃಶ್ಯ ಬಂದಾಗ, "ಇವಳಿಗೆ ಯಾರೂ ಉಂಡ್ಯಾ ಅಂತ ಕೇಳಲ್ವಾ?" ಎಂದಳು. ಯಾರೂ ಮಾತಾಡಲಿಲ್ಲ. ಅವಳ ತಮ್ಮ ಎದ್ದು ಡಬ್ಬಿ ತೆರೆದು, ತಟ್ಟೆಗೆ ಹಾಕಿ, ಮೊದಲು ಅವಳ ಕೈಗೆ ಕೊಟ್ಟ. ಎಷ್ಟು ದೊಡ್ಡ ವಿಮರ್ಶಕ ಬಂದು ಹೇಳಿದ್ದರೂ ನನ್ನ ಮನಸ್ಸು ಪೊಲೀಸರಿಂದ ಈ ಮನೆಯ ಕಡೆಗೆ ಅಷ್ಟು ಪೂರ್ತಿಯಾಗಿ ವಾಲುತ್ತಿರಲಿಲ್ಲ.

ಮಲೆನಾಡಿನವರಿಗೆ ಈ ಕಾರ್ಯಕ್ರಮಗಳು ಹಿಡಿಸಲು ಇನ್ನೊಂದು ಕಾರಣವಿದೆ. ಕಾಳಗಕ್ಕೆ ಮೊದಲು ಐವರೂ ಸಾಲಾಗಿ ನಿಂತು, ಒಬ್ಬೊಬ್ಬರೇ ಭಂಗಿ ಹಿಡಿದು ತಮ್ಮ ಹೆಸರು, ಬಿರುದು ಹೇಳಿಕೊಳ್ಳುತ್ತಾರೆ. ಇದರ ಬೇರು ಜಪಾನಿನ ಕಬುಕಿ ರಂಗದಲ್ಲಿದೆ. 1862ರಲ್ಲಿ ಮೊದಲು ಆಡಿದ ಒಂದು ಪ್ರಸಿದ್ಧ ನಾಟಕದಲ್ಲಿ ಐವರು ಕಳ್ಳರು ಹೊಳೆಯ ದಂಡೆಯಲ್ಲಿ ಸಾಲುಗಟ್ಟಿ ನಿಂತು ತಮ್ಮ ಪರಿಚಯ ಹೇಳುತ್ತಾರೆ. ಯಕ್ಷಗಾನದಲ್ಲಿ ಪಾಂಡವರ ಒಡ್ಡೋಲಗ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ತೆರೆಯ ಹಿಂದಿನಿಂದ ಬಂದು, ಕುಣಿದು, ಭಾಗವತರ ಪ್ರಶ್ನೆಗೆ ತಾನು ಯಾರೆಂದು ವೇಷಧಾರಿ ಹೇಳುವವರೆಗೆ ಕಥೆ ಮುಂದೆ ಹೋಗುವುದಿಲ್ಲ. ಶತ್ರು ಅಷ್ಟು ಹೊತ್ತು ಸುಮ್ಮನೆ ಯಾಕೆ ನಿಂತಿರುತ್ತಾನೆ ಎಂದು ಬೆಂಗಳೂರಿನ ಸಹೋದ್ಯೋಗಿಗಳು ಕೇಳಿದ್ದುಂಟು. ನಮ್ಮ ಕಡೆಯವರು ಯಾರೂ ಕೇಳಿಲ್ಲ. ಮ್ಯಾಜಿರೇಂಜರಿನ ಆ ಸಾಲಿನಲ್ಲಿ ಪ್ರತಿಯೊಬ್ಬರೂ ತಮ್ಮ ಮೂಲತತ್ವವನ್ನೂ ಬಣ್ಣವನ್ನೂ ಹೇಳುವುದನ್ನು ಗಮನಿಸಬೇಕು. ಹೆಸರಿನಷ್ಟೇ ಬಣ್ಣವೂ ಅಲ್ಲಿ ಗುರುತು.

ಎಸ್‌ಪಿಡಿಯನ್ನು ನಾನು ಬಿಟ್ಟುಕೊಟ್ಟಿಲ್ಲ. ಕ್ರೂಗರನಿಗೆ ಹೆಂಡತಿಯನ್ನೂ, ಕಳೆದುಹೋದ ಲೋಕವನ್ನೂ ಕೊಟ್ಟು ಅವನ ಮೌನಕ್ಕೊಂದು ಕಾರಣ ಒದಗಿಸಿದ್ದು ಅಮೆರಿಕದ ಬರಹಗಾರರು. ಅಪ್ಪನ ಹಾಗೆ ಕೆಂಪು ಸಮವಸ್ತ್ರ ತೊಡಬೇಕೆಂದು ಹಂಬಲಿಸಿ, ಅದು ಬೇರೆಯವನಿಗೆ ಹೋದಾಗ ಒಳಗೇ ಕುದಿಯುವ ಸ್ಕೈ ಎಂಬ ನೀಲಿ ರೇಂಜರನೂ ಅವರ ಸೃಷ್ಟಿಯೇ. ಅಪ್ಪನ ಕಾರ್ಖಾನೆಯಲ್ಲೇ ಕೆಲಸ ಸಿಗುತ್ತದೆಂದು ನಂಬಿ ಬೆಳೆದ ಭದ್ರಾವತಿಯ ಹುಡುಗರಿಗೆ ಸ್ಕೈ ಚೆನ್ನಾಗಿ ಅರ್ಥವಾಗುತ್ತಿದ್ದ. ಆ ಕಥೆ ನಡೆಯುವುದು 2025ರಲ್ಲಿ ಎಂದು ಆಗ ಕೇಳಿ, ಎಷ್ಟು ದೂರದ ಮಾತು ಅಂದುಕೊಂಡಿದ್ದೆವು. 2025 ಬಂದಾಗ ಕಾಗದದ ಕಾರ್ಖಾನೆ ಮೌನವಾಗಿತ್ತು, ಕಬ್ಬಿಣದ ಕಾರ್ಖಾನೆ ಉಳಿಯಲೆಂದು ಊರು ಹೋರಾಡುತ್ತಿತ್ತು, ನಮ್ಮ ಸಾಲಿನ ಮಕ್ಕಳು ಬೆಂಗಳೂರು, ಪುಣೆ, ಕೊಯಮತ್ತೂರುಗಳಲ್ಲಿದ್ದರು.

ಇನ್ನು ಯಾರು ಗೆಲ್ಲುತ್ತಾರೆ ಎಂಬ ನಮ್ಮ ಹಳೆಯ ಜಗಳ. ಅದನ್ನು ನಾವು ಮಾಡುತ್ತಿದ್ದ ಕಾಲಕ್ಕೆ ಜಪಾನಿನವರು ಮುಗಿಸಿಯೇ ಬಿಟ್ಟಿದ್ದರು. 2006ರಲ್ಲಿ ಎರಡೂ ತಂಡಗಳನ್ನು ಸೇರಿಸಿದ ಚಿತ್ರವೊಂದು ಬಂದಿತ್ತು. ಹೆಸರಿನಲ್ಲಿ ಎದುರಾಳಿಗಳು, ಕಥೆಯಲ್ಲಿ ಒಂದೇ ಪಕ್ಷ. ಅದನ್ನು ಕೋಣೆ ಖಾಲಿ ಮಾಡುವ ಹಿಂದಿನ ರಾತ್ರಿ ಎಲ್ಲರೂ ಒಟ್ಟಿಗೆ ನೋಡಿದೆವು.

ನನಗೆ ಉಳಿದ ಕೊರತೆ ಒಂದೇ. ಈ ಯಾವುದನ್ನೂ ನಾವು ನಮ್ಮ ಭಾಷೆಯಲ್ಲಿ ಕೇಳಲಿಲ್ಲ. ಡಬ್ಬಿಂಗ್ ಕೂಡದೆಂಬ ಹಳೆಯ ನಿಲುವು ಮಕ್ಕಳ ಲೋಕಕ್ಕೂ ನೆರಳು ಹಾಸಿತ್ತು. 2009ರಲ್ಲಿ ಚಿಂಟು ಟೀವಿ ಬಂದು ಕಾರ್ಟೂನುಗಳು ಕನ್ನಡ ಕಲಿಯುವ ಹೊತ್ತಿಗೆ ನಮ್ಮ ಬಾಲ್ಯ ಮುಗಿಯುತ್ತ ಬಂದಿತ್ತು. ಪಕ್ಕದ ಮನೆಯ ಗೆಳೆಯ ತನ್ನ ಮನೆಮಾತಿನಲ್ಲಿ ನಗುತ್ತ, ಅಳುತ್ತ ಕೇಳಿದ್ದನ್ನು ನಾವು ಅರೆಬರೆ ಹಿಂದಿಯಲ್ಲಿ ಊಹಿಸಿಕೊಂಡೆವು. 2015ರಲ್ಲಿ ಸ್ಪರ್ಧಾ ಆಯೋಗವು ಡಬ್ಬಿಂಗ್ ತಡೆಯುವುದು ಸರಿಯಲ್ಲವೆಂದು ಹೇಳಿದ ಮೇಲೆ ಬೇರೆ ಭಾಷೆಯ ಸಿನಿಮಾಗಳು ಕನ್ನಡದಲ್ಲಿ ಧಾರಾಳವಾಗಿ ಬರುತ್ತಿವೆ. ವಾಹಿನಿಗಳನ್ನು ನಡೆಸುವವರು ಮ್ಯಾಜಿರೇಂಜರಿನಂಥ ಮೂಲಗಳ ಕಡೆಗೂ ಕಣ್ಣು ಹಾಯಿಸಲಿ, ಅಮೆರಿಕದ ದಾರಿಯಿಂದ ಬಳಸಿ ಬಂದದ್ದನ್ನಲ್ಲ, ನೇರ ಜಪಾನಿನದನ್ನೇ ತರಲಿ. ಅಲ್ಲಿಯವರೆಗೆ, ಮನೆಯಲ್ಲಿ ಹತ್ತು ಹನ್ನೆರಡರ ಮಕ್ಕಳಿದ್ದರೆ ಮೊದಲ ಕಂತಿನಿಂದ ಅವರ ಪಕ್ಕ ಕುಳಿತು, ಕೆಳಗಿನ ಸಾಲುಗಳನ್ನು ಕನ್ನಡದಲ್ಲಿ ಹೇಳುತ್ತ ತೋರಿಸಿ. ಎರಡು ಮಕ್ಕಳಿದ್ದರೆ ಇಬ್ಬರನ್ನೂ ಒಟ್ಟಿಗೆ ಕೂರಿಸಿ.